ಮಾಸ್ಕೋದ ಮೇಷ್ಟ್ರು, ಮೈಸೂರಿನ ಮಹಾರಾಜರು

ಪಾಠ ಹೇಳಿಕೊಟ್ಟು ಸಂಸಾರ ತೂಗಿಸುವ ಹಾರ್ಮೋನಿಯಂ ಮೇಷ್ಟ್ರುಗಳನ್ನು ನಾವು ನೋಡಿದ್ದೇವೆ. ಲಂಡನ್ನಿನಲ್ಲಿ ಹೀಗೇ ಬದುಕುತ್ತಿದ್ದ ರಷ್ಯಾದ ಪಿಯಾನೊ ವಾದಕರೊಬ್ಬರ ಕೈ ಹಿಡಿದದ್ದು ನಮ್ಮ ಮೈಸೂರು.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಸಂಗೀತ ಶಾಲೆಯಲ್ಲಿ ಕಲಿತು, ಮುಂದೆ ಅಲ್ಲೇ ಪಾಠ ಹೇಳಿದರು. ಕಛೇರಿ ಕೊಡುತ್ತಿದ್ದರೂ ಮನಸ್ಸೆಲ್ಲ ಹೊಸ ಕೃತಿ ಕಟ್ಟುವುದರಲ್ಲಿ. ಕ್ರಾಂತಿಯ ನಂತರ, 1921ರಲ್ಲಿ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದಲ್ಲಿ ಲಂಡನ್ ಸೇರಿದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಶಿಷ್ಯರು ಕಡಿಮೆಯಾದರು. ಆರೋಗ್ಯವೂ ಕೆಟ್ಟಿತು.

ಯುದ್ಧ ಮುಗಿದ ಮೇಲೆ ನೆರವಾದವರು ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೊ ಕಲಿತಿದ್ದ ಮಹಾರಾಜರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಹಣದಿಂದ ಮೆಟ್ನರ್ ಸೊಸೈಟಿ ನಡೆಯಿತು. ವಾದ್ಯಮೇಳದ ಜೊತೆ ನುಡಿಸುವ ತಮ್ಮ ಮೂರೂ ಕಾನ್ಸರ್ಟೊಗಳನ್ನು ಮೆಟ್ನರ್ ತಾವೇ ನುಡಿಸಿದರು. ಎಚ್‌ಎಂವಿ ಗ್ರಾಮೊಫೋನ್ ಪ್ಲೇಟುಗಳು ಬಂದವು. ಮೂರನೆಯ ಕಾನ್ಸರ್ಟೊ ಮಹಾರಾಜರಿಗೇ ಅರ್ಪಣೆ. 1951ರಲ್ಲಿ ಮೆಟ್ನರ್ ತೀರಿಕೊಂಡರು.

ಬರೆದಿಟ್ಟ ಕೃತಿಯನ್ನು ಯಾರಾದರೂ ನುಡಿಸಬಹುದು. ಮೇಷ್ಟ್ರು ಹೇಗೆ ನುಡಿಸುತ್ತಿದ್ದರು ಎಂಬುದು ಮಾತ್ರ ಅವರ ಜೊತೆಗೇ ಹೋಗಿಬಿಡುತ್ತದೆ. ಮೆಟ್ನರ್ ವಿಷಯದಲ್ಲಿ ಹಾಗಾಗಲಿಲ್ಲ.

ನಿಮ್ಮೂರಿನ ಮೇಷ್ಟ್ರ ವಿಷಯದಲ್ಲಿ? ಅದಕ್ಕೆ ಮಹಾರಾಜರೇ ಬರಬೇಕಿಲ್ಲ. ಫೋನು ನಿಮ್ಮ ಕೈಯಲ್ಲೇ ಇದೆ.