ಕೌದಿ: ಮಹಿಳಾ ಗುಂಪುಗಳಲ್ಲಿ ತುಂಡು ಜೋಡಣೆ, ಅಳತೆ ಮತ್ತು ಲೆಕ್ಕ

ಹಳೆಯ ಸೀರೆ, ಪಂಚೆ, ರವಿಕೆ ಮುಂತಾದ ಬಟ್ಟೆಗಳ ತುಂಡುಗಳನ್ನು ಪದರವಾಗಿ ಹಾಸಿ, ಕೈಸೂಜಿಯಿಂದ ಒತ್ತಾಗಿ ಹೊಲಿದು ಸಿದ್ಧಪಡಿಸುವ ಹೊದಿಕೆಗೆ ಕೌದಿ ಎಂದು ಹೆಸರು. ಹಳೆಯ ಮೈಸೂರು ಭಾಗದಲ್ಲಿ ಬೊಂತೆ ಎಂಬ ಮಾತೂ ಉಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತು ಸುತ್ತಾಗಿ ಒಳಕ್ಕೆ ಸಾಗಿ ನಡುವೆ ಮುಗಿಸುತ್ತಾರೆ. ಮೂಲೆಗಳಿಗೆ ‘ಫುಲಾ’ ಎಂಬ ತ್ರಿಕೋನದ ತುಂಡುಗಳನ್ನು ಸೇರಿಸದ ಹೊರತು ಅವರು ಕೌದಿ ಪೂರ್ಣವಾಯಿತೆಂದು ಭಾವಿಸುವುದಿಲ್ಲ. ಸಾಂಪ್ರದಾಯಿಕ ಕೌದಿಯಲ್ಲಿ ಅಳತೆಯ ಕಟ್ಟುಪಾಡಿಲ್ಲ. ಹೊಲಿಯುವವರ ಕಣ್ಣೇ ಅಳತೆ.

ಆದರೆ ಹಲವರು ತಮ್ಮ ತಮ್ಮ ಮನೆಗಳಲ್ಲಿ ಹೊಲಿದು ತಂದ ಚೌಕಗಳನ್ನು ಒಂದೇ ಕೌದಿಯಾಗಿ ಜೋಡಿಸುವಾಗ ಕಣ್ಣಳತೆ ಸಾಲದು. ಬೈರಮಂಗಲ ಹಾಗೂ ಬಿಡದಿ ಸುತ್ತಲಿನ ಗ್ರಾಮಗಳ ಮಹಿಳಾ ಗುಂಪುಗಳು ಈ ಕೆಲಸವನ್ನು ಕೈಗೊಳ್ಳಬಯಸಿದಲ್ಲಿ ಕೆಳಕಂಡ ವಿಷಯಗಳನ್ನು ಗಮನಿಸುವುದು ಸೂಕ್ತ.

ಅಳತೆ ಮತ್ತು ಬಟ್ಟೆ

2000-01ನೇ ಸಾಲಿನಲ್ಲಿ ಆರಂಭಗೊಂಡ ಸ್ತ್ರೀಶಕ್ತಿ ಯೋಜನೆಯ ಗುಂಪಿನಲ್ಲಿ ಸಾಮಾನ್ಯವಾಗಿ 15ರಿಂದ 20 ಸದಸ್ಯರಿರುತ್ತಾರೆ. 15 ಸದಸ್ಯರು ತಲಾ ಎರಡು ಚೌಕಗಳನ್ನು ಸಿದ್ಧಪಡಿಸಿದಲ್ಲಿ 30 ಚೌಕಗಳಾಗುತ್ತವೆ. ಹನ್ನೆರಡು ಅಂಗುಲದ ಚೌಕಗಳನ್ನು ಅಗಲಕ್ಕೆ ಐದು, ಉದ್ದಕ್ಕೆ ಆರರಂತೆ ಜೋಡಿಸಿದರೆ 5 ಅಡಿ ಅಗಲ, 6 ಅಡಿ ಉದ್ದದ ಕೌದಿ ದೊರೆಯುತ್ತದೆ. ಒಂದು ಚೌಕಕ್ಕೆ ನಾಲ್ಕೂವರೆ ಅಂಗುಲದ ಒಂಬತ್ತು ತುಂಡುಗಳು ಬೇಕು. ಪ್ರತಿ ಅಂಚಿನಲ್ಲಿ ಹೊಲಿಗೆಗೆ ಕಾಲು ಅಂಗುಲ ಬಿಡತಕ್ಕದ್ದು.

ಈ ಕಾಲು ಅಂಗುಲವೇ ಮುಖ್ಯ. ಒಬ್ಬರು ಪ್ರತಿ ಅಂಚಿನಲ್ಲಿ ಅರೆಕಾಲು ಅಂಗುಲ ಹೆಚ್ಚಾಗಿ ಹಿಡಿದರೂ ಅವರ ಚೌಕ ಅರ್ಧ ಅಂಗುಲ ಕುಗ್ಗುತ್ತದೆ. ಅಂತಹ ಐದು ಚೌಕಗಳ ಸಾಲು ಪಕ್ಕದ ಸಾಲಿಗಿಂತ ಎರಡೂವರೆ ಅಂಗುಲ ಕಡಿಮೆಯಾಗುತ್ತದೆ. ಎಳೆದು ಕೂರಿಸಿದ ಕೌದಿ ಒಂದೆರಡು ಒಗೆತದಲ್ಲೇ ಸೊಟ್ಟಗಾಗುತ್ತದೆ. ಆದ್ದರಿಂದ ಗಟ್ಟಿ ರಟ್ಟಿನಲ್ಲಿ ಒಂದೇ ಅಚ್ಚನ್ನು ಕತ್ತರಿಸಿ, ಅದರಿಂದಲೇ ಎಲ್ಲರ ಅಚ್ಚುಗಳನ್ನು ತೆಗೆಯತಕ್ಕದ್ದು. ಅಚ್ಚಿನಿಂದ ಅಚ್ಚು ತೆಗೆಯುತ್ತಾ ಹೋದಲ್ಲಿ ವ್ಯತ್ಯಾಸ ಬೆಳೆಯುತ್ತದೆ.

ಸಿದ್ಧ ಉಡುಪು ಕಾರ್ಖಾನೆಗಳ ಕತ್ತರಿಕೆ ತುಂಡುಗಳನ್ನು ಬಳಸುವವರು ಹತ್ತಿ, ಪಾಲಿಯೆಸ್ಟರ್‌ಗಳನ್ನು ಬೇರ್ಪಡಿಸಿಕೊಳ್ಳಬೇಕು. ನೀರಿಗೆ ಬಿದ್ದಾಗ ಇವು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ರೇಷ್ಮೆಗೂ ಇದೇ ಮಾತು. ರಾಮನಗರದ ಹೆಸರಾಂತ ರೇಷ್ಮೆ ಮಾರುಕಟ್ಟೆಯಲ್ಲಿ ದೊರೆಯುವುದು ಗೂಡು, ಬಟ್ಟೆಯಲ್ಲ ಎಂಬುದನ್ನು ಹೊರಗಿನ ಖರೀದಿದಾರರಿಗೆ ತಿಳಿಸಬೇಕಾದ ಸಂದರ್ಭಗಳೂ ಬರಬಹುದು. ಹೊಸ ಬಟ್ಟೆಯನ್ನು ಕತ್ತರಿಸುವ ಮುನ್ನ ಒಗೆದು ಒಣಗಿಸಬೇಕು. ಬೈರಮಂಗಲ ಕೆರೆಗೆ ವೃಷಭಾವತಿ ನದಿಯ ಮೂಲಕ ಬೆಂಗಳೂರಿನ ಒಳಚರಂಡಿ ಹಾಗೂ ಕೈಗಾರಿಕಾ ತ್ಯಾಜ್ಯ ಬಂದು ಸೇರುತ್ತಿರುವುದರಿಂದ ಆ ಕೆರೆಯ ಅಥವಾ ಕಾಲುವೆಯ ನೀರನ್ನು ಒಗೆಯಲು ಬಳಸಬಾರದು. ಕೂಸುಗಳಿಗೆ ಹೊದಿಸುವ ಕೌದಿಯ ವಿಷಯದಲ್ಲಿ ಇದನ್ನು ಎಷ್ಟು ಹೇಳಿದರೂ ಕಡಿಮೆಯೇ.

ದುಡಿಮೆಯ ಲೆಕ್ಕ

ಚೌಕ ಹೊಲಿಯುವ ಕೆಲಸ ಬೇಗ ಮುಗಿಯುತ್ತದೆ. ಚೌಕಗಳನ್ನು ಜೋಡಿಸಿ, ಅಡಿಬಟ್ಟೆಯೊಡನೆ ಸೇರಿಸಿ, ಎಲ್ಲ ಪದರಗಳನ್ನೂ ಹಿಡಿದು ಸಾಲು ಹೊಲಿಗೆ ಹಾಕುವುದೇ ದೀರ್ಘ ಕಾಲ ಹಿಡಿಯುವ ಕೆಲಸ. ಇದು ಸಾಮಾನ್ಯವಾಗಿ ಇಬ್ಬರು ಮೂವರು ಹಿರಿಯ ಸದಸ್ಯರ ಪಾಲಿಗೆ ಬರುತ್ತದೆ. ಮಾರಾಟದ ಹಣವನ್ನು ಸಮವಾಗಿ ಹಂಚಿಕೊಳ್ಳುವುದು ಸೌಹಾರ್ದದ ಲಕ್ಷಣವೆಂದು ತೋರಿದರೂ ನ್ಯಾಯವಲ್ಲ. ಉದಾಹರಣೆಗೆ, ಒಂದು ಕೌದಿ 3,500 ರೂ.ಗಳಿಗೆ ಮಾರಾಟವಾಗಿ, ಸಾಮಗ್ರಿಗೆ 500 ರೂ. ಕಳೆದರೆ 3,000 ರೂ. ಉಳಿಯುತ್ತದೆ. ಸಮವಾಗಿ ಹಂಚಿದಲ್ಲಿ 15 ಮಂದಿಗೆ ತಲಾ 200 ರೂ. ಒಟ್ಟು ದುಡಿಮೆ 100 ಗಂಟೆಗಳೆಂದಾದರೆ ಗಂಟೆಗೆ 30 ರೂ. ಬೀಳುತ್ತದೆ, ಅದರಂತೆ 4 ಗಂಟೆ ದುಡಿದವರಿಗೆ 120 ರೂ., 20 ಗಂಟೆ ದುಡಿದವರಿಗೆ 600 ರೂ. ಸಲ್ಲಬೇಕು.

ಎಂಟು ಗಂಟೆಯ ದಿನಕ್ಕೆ ಇದು 240 ರೂ. ಮಾತ್ರ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಗಂಟೆಗಳನ್ನು ಬರೆದಿಡದ ಗುಂಪಿಗೆ ಬೆಲೆ ಏರಿಸುವಂತೆ ಖರೀದಿದಾರರನ್ನು ಕೇಳಲು ಯಾವ ಆಧಾರವೂ ಇರುವುದಿಲ್ಲ. ನಡವಳಿ ಪುಸ್ತಕದ ಜೊತೆಗೆ ಸದಸ್ಯರ ಹೆಸರು, ದಿನಾಂಕ, ಕೆಲಸ, ಗಂಟೆ ಎಂಬ ನಾಲ್ಕು ಅಂಕಣಗಳ ಪುಸ್ತಕವೊಂದನ್ನು ಇಡುವುದು ಸಾಕು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ‘ಪೆಹಚಾನ್’ ಗುರುತಿನ ಚೀಟಿಯನ್ನು ಕುಶಲಕರ್ಮಿಗೆ ವೈಯಕ್ತಿಕವಾಗಿ ನೀಡಲಾಗುತ್ತದೆ, ಗುಂಪಿಗಲ್ಲ. ಪ್ರತಿನಿಧಿಯೊಬ್ಬರೇ ಚೀಟಿ ಪಡೆದಲ್ಲಿ ಉಳಿದವರ ಕಸುಬಿಗೆ ದಾಖಲೆ ದೊರೆಯುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭಗೊಂಡ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬು ಸೇರಿದೆ; ಕೌದಿಯ ಹೆಸರು ಪ್ರತ್ಯೇಕವಾಗಿಲ್ಲ. ಸದರಿ ಯೋಜನೆಯಡಿ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ನೋಂದಣಿಗೆ ಅವಕಾಶವಿದೆ. ಗಂಡ ಗಾರೆ ಅಥವಾ ಬಡಗಿ ಕೆಲಸದಡಿ ಈಗಾಗಲೇ ನೋಂದಾಯಿಸಿಕೊಂಡಿದ್ದಲ್ಲಿ ಹೆಂಡತಿಯ ಹೊಲಿಗೆಗೆ ಸ್ಥಾನವಿರುವುದಿಲ್ಲವಾದ್ದರಿಂದ, ಯಾರ ಹೆಸರಿನಲ್ಲಿ ನೋಂದಾಯಿಸಬೇಕೆಂಬುದನ್ನು ಮನೆಯಲ್ಲಿ ಚರ್ಚಿಸಿದ ನಂತರವೇ ಮುಂದುವರಿಯುವುದು ಒಳಿತು. ನೋಂದಣಿಗೆ ಶುಲ್ಕವಿಲ್ಲ.