ಬೆಂಡೆಯ ಬುಡಕ್ಕೆ ಗೊಬ್ಬರ, ತುದಿಗೆ ಚೋದಕ: ಎರಡು ದಡಗಳ ಕಥೆ

1983ರಲ್ಲಿ ಆರಂಭವಾದ ಕೈಗಾರಿಕಾ ವಸಾಹತಿನಿಂದ ಹೆಸರಾದ ಊರು ರುಸೈಲ್. ಆದರೂ ಇಲ್ಲಿನ ನಮ್ಮ ಮನೆಗಳ ಅಂಗಳದಲ್ಲಿ, ತಾರಸಿಯ ಕುಂಡಗಳಲ್ಲಿ ಬೆಂಡೆಗಿಡಕ್ಕೆ ಒಂದು ಜಾಗ ಇದ್ದೇ ಇರುತ್ತದೆ. ಗಿಡ ಸೊರಗಿತೆಂದರೆ ನಮ್ಮೆಲ್ಲರಿಗೂ ಏಳುವ ಪ್ರಶ್ನೆ ಒಂದೇ: ಗೊಬ್ಬರ ಹಾಕುವುದೋ, ಅಂಗಡಿಯಿಂದ ಬೆಳವಣಿಗೆಯ ಚೋದಕ ತಂದು ಸಿಂಪಡಿಸುವುದೋ? ಉತ್ತರಕ್ಕಾಗಿ ಅರಬ್ಬೀ ಸಮುದ್ರದ ಎರಡೂ ದಡಗಳ ಚರಿತ್ರೆಯನ್ನು ನೋಡಬೇಕು.

ಬೆಂಡೆಯ ತವರು ಆಫ್ರಿಕವೋ ಭಾರತವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅರಬ್ಬರಿಗೆ ಅದು ಬಾಮಿಯಾ. 1216ರಲ್ಲಿ ಈಜಿಪ್ಟಿಗೆ ಬಂದ ಸ್ಪೇನಿನ ಸಸ್ಯಜ್ಞ ಅಬುಲ್ ಅಬ್ಬಾಸ್ ಅಲ್ ನಬಾತಿ ಈ ಗಿಡವನ್ನು ವರ್ಣಿಸಿದ್ದಾನೆ.

ಗೊಬ್ಬರದ ಕಥೆ ಇದಕ್ಕಿಂತ ಹಳೆಯದು. ಚಾಲುಕ್ಯರ ಜಯಸಿಂಹನ ಆಳ್ವಿಕೆಯಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಮರಗಿಡಗಳ ಆರೈಕೆಗೆಂದೇ ವೃಕ್ಷಾಯುರ್ವೇದದ ಭಾಗವಿದೆ. ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವು ಮೀನು, ಮಾಂಸ ಮೊದಲಾದವನ್ನು ಕೊಳೆಸಿ ಮಾಡುವ ಕುಣಪಜಲವನ್ನು ಹೇಳುತ್ತದೆ. ಒಮಾನಿನ ಬಾತಿನಾ ತೀರದ ರೈತರೂ ಒಣಗಿಸಿದ ಬೂತಾಯಿ ಮೀನನ್ನು ತೋಟಕ್ಕೆ ಹಾಕುತ್ತಿದ್ದರು. ನಮ್ಮ ದಕ್ಷಿಣ ಕನ್ನಡ ಮತ್ತು ಮಲಬಾರಿನ ಕರಾವಳಿಯಲ್ಲಿ, 20ನೇ ಶತಮಾನದ ಆರಂಭದಲ್ಲಿ, ಫ್ರೆಡರಿಕ್ ನಿಕೋಲ್ಸನ್ ಅವರ ಪ್ರೋತ್ಸಾಹದಿಂದ ಅದೇ ಬೂತಾಯಿಯ ಎಣ್ಣೆ ತೆಗೆದು, ಉಳಿದುದನ್ನು ಗೊಬ್ಬರವಾಗಿಸುವ ಕಾರ್ಖಾನೆಗಳು ತಲೆಯೆತ್ತಿದವು. ಸಮುದ್ರ ಒಂದೇ, ಮೀನು ಒಂದೇ, ರೈತನ ವಿವೇಕವೂ ಒಂದೇ.

ಚೋದಕಗಳ ಚರಿತ್ರೆಗೆ ಇನ್ನೂ ನೂರರ ಆಸುಪಾಸು. 1926ರಲ್ಲಿ ಜಪಾನಿನ ಕುರೊಸಾವಾ, ಭತ್ತದ ಸಸಿಗಳು ವಿಪರೀತ ಉದ್ದವಾಗಿ ಬಾಗಿಬೀಳುವ ರೋಗಕ್ಕೆ ಒಂದು ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು ತೋರಿಸಿದರು. 1935ರಲ್ಲಿ ಯಾಬುತಾ ಅದಕ್ಕೆ ಗಿಬ್ಬರೆಲಿನ್ ಎಂದು ಹೆಸರಿಟ್ಟರು. ಅದೇ ಕಾಲಕ್ಕೆ ಹಾಲೆಂಡಿನ ವೆಂಟ್ ಓಟ್ಸ್ ಮೊಳಕೆಗಳಲ್ಲಿ ಆಕ್ಸಿನ್ನನ್ನು ಗುರುತಿಸಿದರು. 1941ರಲ್ಲಿ ತೆಂಗಿನಕಾಯಿಯ ನೀರು ಎಳೆಯ ಭ್ರೂಣಗಳನ್ನು ಬೆಳೆಸಬಲ್ಲದೆಂದು ತಿಳಿಯಿತು. 1955ರಲ್ಲಿ ಕೈನೆಟಿನ್ ದೊರೆತದ್ದು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಿಂದ! ಕಾಕತಾಳೀಯವೇ ಇರಬಹುದು, ಆದರೂ ತೆಂಗು ಮತ್ತು ಮೀನು ಎರಡೂ ಈ ಕಥೆಯಲ್ಲಿ ಬಂದದ್ದು ಕರಾವಳಿಯ ನಮಗೆ ಹಿತವೆನಿಸುತ್ತದೆ.

ಹಾಗಾದರೆ ಬೆಂಡೆಗೆ ಯಾವುದು? ಚೋದಕವು ಆಹಾರವಲ್ಲ, ಆಜ್ಞೆ. ಗಿಬ್ಬರೆಲಿನ್ ಕಾಂಡವನ್ನು ಉದ್ದಗೊಳಿಸುತ್ತದೆ; ಆಕ್ಸಿನ್ ವರ್ಗದವು ಹೂವು, ಎಳೆಗಾಯಿ ಉದುರುವುದನ್ನು ತಡೆಯಬಲ್ಲವು. ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕು, ಹೆಚ್ಚಾದರೆ ಹಾನಿ. ಮಣ್ಣಿನಲ್ಲಿ ಸಾರವಿಲ್ಲದಿದ್ದರೆ ಆಜ್ಞೆ ಪಾಲಿಸಲು ಗಿಡಕ್ಕೆ ಶಕ್ತಿಯೆಲ್ಲಿ? ಗಿಡ ನೀಳವಾಗಬಹುದು, ಬುಟ್ಟಿ ತುಂಬದು. ಇಲ್ಲಿನ ಮರಳುಮಣ್ಣಿನಲ್ಲಿ ಸಾವಯವ ಅಂಶ ಅತ್ಯಲ್ಪ. ಹುಯ್ದ ನೀರು ಜಾರಿಹೋಗುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ನೀರನ್ನೂ ಪೋಷಕಾಂಶವನ್ನೂ ಹಿಡಿದಿಡುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ತಾವೇ ಒಂದಿಷ್ಟು ಆಕ್ಸಿನ್ ತಯಾರಿಸುತ್ತವೆ.

ಆದ್ದರಿಂದ ಮೊದಲು ಮಣ್ಣು, ಆಮೇಲೆ ಶೀಶೆ. ಚಾವುಂಡರಾಯನ ಕಾಲಕ್ಕೆ ಚೋದಕದ ಹೆಸರೇ ಇರಲಿಲ್ಲ. ಆದರೆ ಗಿಡವನ್ನು ಬುಡದಿಂದ ಸಾಕಬೇಕೆಂಬ ಅರಿವಿತ್ತು. ನಮ್ಮ ಮಕ್ಕಳು ಒಂದು ಕುಂಡದ ಮುಂದೆ ನಿಂತು ಅಷ್ಟನ್ನು ಕಲಿತರೆ, ಸಾವಿರ ವರ್ಷಗಳ ಆ ವಿದ್ಯೆ ರುಸೈಲಿನ ಮರಳಿನಲ್ಲೂ ಬೇರೂರಿದಂತೆ.