ಹಂಡೆಯ ಜೊತೆ ಹೋದ ಹೆಸರು

ಗುಜರಿ ಗಾಡಿ ಈಗಲೂ ದುಂಡಸಿ ಹೋಬಳಿಯ ಊರುಗಳಿಗೆ ಬರುತ್ತದೆ. ಧ್ವನಿವರ್ಧಕದ ಕೂಗಿನಲ್ಲಿ ತಾಮ್ರ, ಹಿತ್ತಾಳೆ ಎಂಬ ಹೆಸರು ಮೊದಲು ಬರುತ್ತವೆ. ಗಾಡಿಯೊಳಗೆ ನೋಡಿದರೆ ಮುರಿದ ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಫ್ಯಾನು, ರಟ್ಟು. ತಾಮ್ರ ಹಿತ್ತಾಳೆ ಇದ್ದ ಮನೆಗಳು ಮೂವತ್ತು-ನಲವತ್ತು ವರ್ಷದ ಹಿಂದೆಯೇ ಕೊಟ್ಟು ಕೈ ತೊಳೆದುಕೊಂಡಿವೆ.

ಕೊಂಡು ಹಳಹಳಿಸಿದ ಸಾಮಾನು ಯಾವುದು ಅಂತ ಕೇಳಿದರೆ ಹುಡುಗರು ಮೊಬೈಲು, ಹೋಮ್ ಥಿಯೇಟರು ಅನ್ನುತ್ತಾರೆ. ಅರವತ್ತು ದಾಟಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಮಾತು ತಿರುಗಿ ತಿರುಗಿ ಹಂಡೆಗೇ ಬರುತ್ತದೆ. ಹಂಡೆ ಕೊಟ್ಟು ಸ್ಟೀಲಿನ ಡಬ್ಬಿ ತಗೊಂಡ್ವಿ, ಕೊಡ ಕೊಟ್ಟು ಪ್ಲಾಸ್ಟಿಕ್ ಕೊಡ ತಗೊಂಡ್ವಿ ಅಂತ. ನಮ್ಮ ಸೀಮೆಯ ಮನೆಗಳಲ್ಲಿ ನಡೆದ ಅತಿ ದೊಡ್ಡ ಖರೀದಿ ಇದೇ ಇರಬೇಕು. ಆದರೆ ಇದರ ಇತಿಹಾಸ ಯಾರೂ ಬರೆದಿಟ್ಟಿಲ್ಲ, ಯಾಕೆಂದರೆ ಅದು ನಡೆದದ್ದು ಪಡಸಾಲೆಯಲ್ಲಿ, ತಕ್ಕಡಿಯ ಮುಂದೆ.

ಧಾರವಾಡ ಜಿಲ್ಲೆಯ ಗೆಜೆಟಿಯರನ್ನು ಮುಂಬೈ ಸರಕಾರ 1884ರಲ್ಲಿ ಪ್ರಕಟಿಸಿತು. ಆಗ ಶಿಗ್ಗಾಂವಿ, ಬಂಕಾಪುರ, ಹಾನಗಲ್ಲ ಎಲ್ಲ ಅದೇ ಜಿಲ್ಲೆ. ಸವಣೂರು ಮಾತ್ರ ನವಾಬರ ಸಂಸ್ಥಾನ, 1948ರವರೆಗೆ. ನಮ್ಮ ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಆ ಗೆಜೆಟಿಯರಿನಲ್ಲಿ ಯಾವ ಜಾತಿಯವರ ಮನೆ ಹೇಗಿತ್ತು, ಒಳಗೆ ಏನು ಸಾಮಾನಿತ್ತು ಅಂತ ಬರೆಯುತ್ತ ಹೋಗಿದ್ದಾರೆ. ಉಳ್ಳವರ ಮನೆಗೆ ತಾಮ್ರ ಹಿತ್ತಾಳೆ ಪಾತ್ರೆ, ಇಲ್ಲದವರ ಮನೆಗೆ ಮಣ್ಣಿನ ಗಡಿಗೆ. ಅಂದರೆ ಒಂದು ಮನೆಯ ಅಂತಸ್ತು ಅಳೆಯಲು ಅಡುಗೆಮನೆಯ ಮಾಡ ನೋಡಿದರೆ ಸಾಕಿತ್ತು.

ಈ ಪಾತ್ರೆಗಳನ್ನು ಮಾಡಿ ಮಾರುತ್ತಿದ್ದವರಲ್ಲಿ ಜೈನರ ಪೈಕಿ ಬೋಗಾರರು ಹೆಸರಾದವರು. ಬೆಳಗಾವಿಯ ಬೋಗಾರವೇಸ್ ಎಂಬ ಜಾಗದ ಹೆಸರಿನಲ್ಲಿ ಅವರು ಇನ್ನೂ ಉಳಿದಿದ್ದಾರೆ. ತಾಮ್ರಕ್ಕೆ ಸತು ಕೂಡಿದರೆ ಹಿತ್ತಾಳೆ, ತವರ ಕೂಡಿದರೆ ಕಂಚು. ಹುಳಿ ಪದಾರ್ಥ ತಾಮ್ರ ಹಿತ್ತಾಳೆಗೆ ತಾಗಿದರೆ ಕಿಲುಬು ಬರುತ್ತದೆ, ಹೊಟ್ಟೆ ಕೆಡುತ್ತದೆ. ಅದಕ್ಕೇ ಕಲಾಯಿ. ಕಲಾಯಿಯವರು ಊರ ನಡುವಿನ ಬೇವಿನ ಗಿಡದ ಕೆಳಗೆ ಕುಣಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ಕಾದ ಪಾತ್ರೆಗೆ ನವಸಾಗರ ಹಾಕಿ, ತವರ ಮುಟ್ಟಿಸಿ ಅರಿವೆಯಿಂದ ಒಂದೇ ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ ಬಳಿದಂತೆ ಆಗುತ್ತಿತ್ತು. ಊರಿನ ಅರ್ಧ ಮಕ್ಕಳು ಅಲ್ಲೇ ಕೂತಿರುತ್ತಿದ್ದರು. ಈಗ ಶಿಗ್ಗಾಂವಿ ಸಂತೆಯಲ್ಲಿ ಹುಡುಕಿದರೂ ಕಲಾಯಿ ಹಾಕುವವರು ಸಿಗುವುದು ಕಷ್ಟ.

ಪಾತ್ರೆ ಬರೀ ಪಾತ್ರೆಯಾಗಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಕೊಡ, ಹಂಡೆ, ಪರಾತ ಒತ್ತೆ ಇಟ್ಟು ಜೋಳ ತರುತ್ತಿದ್ದರು. ಸುಗ್ಗಿ ಬಂದ ಮೇಲೆ ಬಿಡಿಸಿಕೊಳ್ಳುವುದು. 1876-78ರ ಧಾತು ಸಂವತ್ಸರದ ಬರ ಧಾರವಾಡ ಜಿಲ್ಲೆಯನ್ನು ಹಿಂಡಿದಾಗ ಜನ ಮೈಮೇಲಿನ ಬೆಳ್ಳಿ, ಮನೆಯ ಲೋಹ ಎಲ್ಲ ಮಾರಿ ಜೀವ ಉಳಿಸಿಕೊಂಡರು. ಬ್ಯಾಂಕು ಊರಿಗೆ ಬರುವ ಮೊದಲು ಬಚ್ಚಲಮನೆಯ ಹಂಡೆಯೇ ಡಿಪಾಜಿಟ್ಟು.

ಇನ್ನೊಂದು ಸಂಗತಿ ಇದೆ, ಅದನ್ನು ನಾವು ಬಹಳ ತಡವಾಗಿ ಗಮನಿಸುತ್ತಿದ್ದೇವೆ. ಮಗಳ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಹಾಕಿಸುತ್ತಿದ್ದರು. ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಹುಡುಗಿಯ ಹೆಸರು, ತವರಿನ ಊರು, ಕೆಲವು ಸಲ ಕೊಟ್ಟವರ ಹೆಸರು, ತಾರೀಖು. ಮುಯ್ಯಿ ಮಾಡಿದ ಸೋದರಮಾವನ ಹೆಸರೂ ಅದರಲ್ಲಿ ಸಿಗುತ್ತದೆ. ಬಂಕಾಪುರದ ಅರವತ್ತು ಕಂಬದ ಗುಡಿಯನ್ನು, ಹಾನಗಲ್ಲಿನ ತಾರಕೇಶ್ವರ ಗುಡಿಯನ್ನು ನೋಡಲು ದೂರದಿಂದ ಜನ ಬರುತ್ತಾರೆ. ನಮ್ಮ ಸೀಮೆಯ ಕಲ್ಲಿನ ಶಾಸನಗಳಲ್ಲಿ ಭೂಮಿ ಕೊಟ್ಟ ಅರಸರು, ದಂಡನಾಯಕರು, ಗೌಡರು ಇದ್ದಾರೆ. ಒಕ್ಕಲುಮನೆಯ ಹೆಣ್ಣಿನ ಹೆಸರು ಯಾವ ಕಲ್ಲಿನಲ್ಲಿದೆ? ಅವಳ ಹೆಸರಿದ್ದದ್ದು ಕೊಡದ ಕಂಠದ ಮೇಲೆ. ಹೊಲದ ಉತಾರದಲ್ಲಿ ಇಲ್ಲದ ಹೆಸರು, ಮನೆಯ ಕಾಗದದಲ್ಲಿ ಇಲ್ಲದ ಹೆಸರು, ಪಾತ್ರೆಯ ಮೇಲಿತ್ತು. ಹೆಣ್ಣಿನ ಆಸ್ತಿಗೆ ಅವಳೇ ಪೂರ್ಣ ಒಡತಿ ಅಂತ 1956ರ ಹಿಂದೂ ವಾರಸಾ ಕಾಯ್ದೆಯ 14ನೇ ಕಲಮು ಹೇಳುವುದಕ್ಕೆ ಎಷ್ಟೋ ಮೊದಲೇ ಬೋಗಾರರ ಉಳಿ ಆ ಮಾತನ್ನು ತನ್ನ ರೀತಿಯಲ್ಲಿ ಬರೆದಿತ್ತು.

ಹಾಗಿದ್ದ ಪಾತ್ರೆ ಹೋದದ್ದು ಹೇಗೆ?

ಮೊದಲು ಬಂದದ್ದು ನಾವು ‘ಜರ್ಮನ್’ ಅನ್ನುವ ಅಲ್ಯೂಮಿನಿಯಂ. ಜರ್ಮನಿಗೂ ನಮ್ಮ ಅನ್ನದ ಬೋಗುಣಿಗೂ ಸಂಬಂಧವಿಲ್ಲ, ಜರ್ಮನ್ ಸಿಲ್ವರ್ ಎಂಬ ಬೇರೊಂದು ಬಿಳಿ ಲೋಹದ ಹೆಸರು ಇದಕ್ಕೂ ಅಂಟಿಕೊಂಡಿತು. ಅಲ್ಯೂಮಿನಿಯಂ ಒಂದು ಕಾಲಕ್ಕೆ ರಾಜರ ಊಟದ ಮೇಜಿಗಷ್ಟೇ ಎಟಕುವ ವಸ್ತು. 1886ರಲ್ಲಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ವಿಧಾನ ಸಿಕ್ಕ ಮೇಲೆ ಬೆಲೆ ಇಳಿಯಿತು. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದರು. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆ ನಿರ್ದೇಶಕರಾಗಿ ಬಂದರು. ಜರ್ಮನ್ ಪಾತ್ರೆ ಹಗುರ, ಅಗ್ಗ, ಕಲಾಯಿ ಬೇಡ. ಆದರೆ ಅದು ಬಡವರ ಪಾತ್ರೆ ಎಂಬ ಹೆಸರು ಹೊತ್ತುಕೊಂಡೇ ಬಂದಿತು. ಉಳ್ಳವರು ಹಿತ್ತಾಳೆ ಬಿಡಲಿಲ್ಲ.

ಬಿಡಿಸಿದ್ದು ಸ್ಟೀಲು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ. ಸ್ವಾತಂತ್ರ್ಯ ಬಂದ ಮೇಲೆ ಅದು ನಮ್ಮ ಪೇಟೆಗಳಿಗೆ ಬಂತು, 1980ರ ದಶಕದಲ್ಲಿ ಸೇಲಂ ಕಾರ್ಖಾನೆ ಶುರುವಾಗುವ ಹೊತ್ತಿಗೆ ಹಳ್ಳಿಗೂ ತಲುಪಿತ್ತು. ಕನ್ನಡಿಯಂತೆ ಹೊಳೆಯುವ ತಾಟು, ಲೋಟ, ಟಿಫಿನ್ ಡಬ್ಬಿ. ಬೀಗರು ಬಂದಾಗ ಸ್ಟೀಲಿನ ಲೋಟದಲ್ಲಿ ಚಹಾ ಕೊಡದಿದ್ದರೆ ಮರ್ಯಾದೆ ಕಡಿಮೆ. ರೊಕ್ಕ ಎಲ್ಲಿತ್ತು? ರೊಕ್ಕ ಬೇಡ, ಹಳೇ ಪಾತ್ರೆ ಕೊಡಿ ಅಂದರು ವ್ಯಾಪಾರಿಗಳು. ತಲೆಮೇಲೆ ಬುಟ್ಟಿ ಹೊತ್ತು ಬಂದವರು ಜರಿ ಸೀರೆಗೂ ಸ್ಟೀಲು ಕೊಟ್ಟರು. ಜರಿಯಲ್ಲಿ ಬೆಳ್ಳಿ ಇರುತ್ತದೆ, ಸುಟ್ಟರೆ ಸಿಗುತ್ತದೆ ಎಂಬುದು ಬುಟ್ಟಿಯವರಿಗೆ ಗೊತ್ತಿತ್ತು.

ತಕ್ಕಡಿಯ ಲೆಕ್ಕ ಮಾತ್ರ ಒಗಟು. ಹಳೇ ಹಿತ್ತಾಳೆಗೆ ತೂಕದ ರೇಟು, ಅದರಲ್ಲಿ ಬೆಸುಗೆಗೆ ಇಷ್ಟು ವಜಾ, ಮಸಿಗೆ ಇಷ್ಟು ವಜಾ. ಹೊಸ ಸ್ಟೀಲಿಗೆ ನಗದ ಲೆಕ್ಕ. ಹತ್ತು ಕಿಲೋ ಕೊಟ್ಟು ಎರಡು ಕಿಲೋ ತಂದವರಿಗೂ ನಷ್ಟವಾಯಿತು ಅನ್ನಿಸುತ್ತಿರಲಿಲ್ಲ, ಯಾಕೆಂದರೆ ನಗ ಎಣಿಸಿದರೆ ಮನೆಗೆ ಬಂದದ್ದೇ ಜಾಸ್ತಿ!

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಪಾತ್ರೆ ಹೋಯಿತು ಅಂತ ಜೋರಾಗಿ ಮರುಗುವವರಲ್ಲಿ ಗಂಡಸರೇ ಹೆಚ್ಚು, ಅವರಲ್ಲಿ ಕೊಡ ಹೊತ್ತವರು ಕಡಿಮೆ. ತಾಮ್ರದ ಕೊಡ ಖಾಲಿ ಇದ್ದಾಗಲೇ 3-4 ಕಿಲೋ. 15 ಲೀಟರ್ ನೀರು ತುಂಬಿದರೆ 18-19 ಕಿಲೋ. ಕೆರೆಗೋ ಬಾವಿಗೋ ದಿನಕ್ಕೆ ಆರು ಸಲ ಹೋಗಿ ಬಂದರೆ ಬರೀ ಲೋಹದ ಭಾರವೇ ಒಂದು ತುಂಬಿದ ಕೊಡದಷ್ಟಾಗುತ್ತಿತ್ತು. ಮೇಲೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವ ಕೆಲಸ. ಪ್ಲಾಸ್ಟಿಕ್ ಕೊಡ ಬಂದ ದಿನ ಎಷ್ಟೋ ಸೊಸೆಯಂದಿರ ಸೊಂಟ ಉಸಿರು ಬಿಟ್ಟಿತು. ಕೊಡ ಬಿಟ್ಟದ್ದು ತಪ್ಪು ಅಂತ ಅವರಿಗೆ ನಾವು ಹೇಳಲಾರೆವು. ಅವರೂ ಹಾಗೆ ಹೇಳುವುದಿಲ್ಲ. ಪ್ಲಾಸ್ಟಿಕ್ ಕೊಂಡದ್ದಕ್ಕೆ ಬೇಸರವಿಲ್ಲ, ಅದಕ್ಕಾಗಿ ತಾಮ್ರ ಕೊಟ್ಟದ್ದಕ್ಕೆ ಬೇಸರ ಎನ್ನುತ್ತಾರೆ. ಅಟ್ಟದ ಮೇಲೆ ಇಟ್ಟಿದ್ದರೆ ಅನ್ನ ಕೇಳುತ್ತಿತ್ತೇ?

ಇಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಲೆಕ್ಕವಿದೆ. 2003ರಲ್ಲಿ ಜಗತ್ತಿನ ಪೇಟೆಯಲ್ಲಿ ಒಂದು ಟನ್ ತಾಮ್ರಕ್ಕೆ 2,000 ಡಾಲರಿಗಿಂತ ಕಡಿಮೆ ಇತ್ತು, ನಮ್ಮ ರೂಪಾಯಿಯಲ್ಲಿ ಕಿಲೋಗೆ ಹೆಚ್ಚೂಕಡಿಮೆ 80. 2006ರಲ್ಲಿ 8,000 ಡಾಲರ್ ದಾಟಿತು. 2024ರ ಮೇ ತಿಂಗಳಲ್ಲಿ 11,000 ದಾಟಿತು, ಕಿಲೋಗೆ 900 ರೂಪಾಯಿಯ ಮೇಲೆ. 2003ರಲ್ಲಿ 10 ಕಿಲೋದ ಹಂಡೆಯ ಲೋಹ 800 ರೂಪಾಯಿ ಅಂತ ಹಿಡಿಯಿರಿ. ಆ ಹಣವನ್ನು ಶೇ 7ರ ಚಕ್ರಬಡ್ಡಿಗೆ 21 ವರ್ಷ ಇಟ್ಟಿದ್ದರೆ ಸುಮಾರು 3,300 ಆಗುತ್ತಿತ್ತು. ಹಂಡೆ ಸುಮ್ಮನೆ ಕೂತು 9,000 ಆಗಿದೆ. ಗುಜರಿಯವರು ಈ ಪೂರ್ತಿ ಬೆಲೆ ಕೊಡುವುದಿಲ್ಲ, ಅದು ಬೇರೆ ಮಾತು. ಆದರೆ ಅದೇ ವರ್ಷ ತಂದ ಪ್ಲಾಸ್ಟಿಕ್ ಬ್ಯಾರಲ್ ಈಗ ಎಲ್ಲಿದೆ? ಟಿವಿ ಎಲ್ಲಿದೆ?

ಇದರ ನಡುವೆ ತಾಮ್ರ ಬೇರೆ ದಾರಿಯಿಂದ ಮನೆಗೆ ವಾಪಸ್ ಬಂತು. ಬೆಂಗಳೂರಿನ ಆಯುರ್ವೇದ ಸಂಸ್ಥೆಯೊಂದರ ವಿಜ್ಞಾನಿಗಳು ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟು, ಬ್ಯಾಕ್ಟೀರಿಯಾ ಉಳಿಯಲಿಲ್ಲ ಅಂತ 2012ರಲ್ಲಿ ಪ್ರಕಟಿಸಿದರು. ಅಜ್ಜಿಯ ಕೊಡ ರಾತ್ರಿಯೆಲ್ಲ ಮಾಡುತ್ತಿದ್ದ ಕೆಲಸ ಅದೇ. ಈಗ ತಾಮ್ರದ ಬಾಟಲಿ ಮೊಬೈಲಿನಲ್ಲೇ ಆರ್ಡರ್ ಮಾಡಬಹುದು. ಕೊಡ ಕೊಟ್ಟ ಮನೆಯ ಮೊಮ್ಮಗ ಬಾಟಲಿ ಕೊಳ್ಳುತ್ತಾನೆ. ಅತ್ತ ಊರಿನ ಶುದ್ಧ ನೀರಿನ ಘಟಕದ ಮುಂದೆ ನೀಲಿ ಪ್ಲಾಸ್ಟಿಕ್ ಕ್ಯಾನಿನ ಸಾಲು. ಬಾಟಲಿ ಕೊಂಡವರು ಒಂದು ನೆನಪಿಡಿ, ಅದರಲ್ಲಿ ಮಜ್ಜಿಗೆ, ನಿಂಬೆ ಪಾನಕ ಹಾಕಬೇಡಿ. ಕಲಾಯಿ ಇಲ್ಲದ ತಾಮ್ರ ಅಂದಿಗೂ ಇಂದಿಗೂ ಒಂದೇ.

ಒತ್ತೆಯ ಮಾತಿಗೆ ಮರಳೋಣ. ಹಂಡೆ ಒತ್ತೆ ಇಟ್ಟ ಕಾಲದಲ್ಲಿ ಸಾಲ ತೀರದಿದ್ದರೆ ಹಂಡೆ ಹೋಗುತ್ತಿತ್ತು, ಅಲ್ಲಿಗೆ ಮುಗಿಯಿತು. ಈಗ ನಮ್ಮ ಊರುಗಳಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ನು, ಸೋಫಾ ಎಷ್ಟೋ ಮನೆಗೆ ಕಂತಿನಲ್ಲಿ ಬರುತ್ತವೆ, ಇಲ್ಲವೇ ಸಂಘದ ಸಾಲದಲ್ಲಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಒತ್ತೆ ಇಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿತು. ಒತ್ತೆ ಇಲ್ಲ ಅಂದರೆ ಕೇಳಲು ಚೆಂದ. ಆದರೆ ಒತ್ತೆ ಇಡಲು ಸಾಮಾನು ಇಲ್ಲದಾಗ ಮಾನವೇ ಒತ್ತೆಯಾಗುತ್ತದೆ. ಕಂತು ತಪ್ಪಿದರೆ ಗುಂಪಿನ ಉಳಿದ ಹೆಂಗಸರೇ ಬಂದು ಹೊಸ್ತಿಲ ಮುಂದೆ ಕೂರುತ್ತಾರೆ. ಎರಡು ವರ್ಷ ಬಳಸಿದ ಫ್ರಿಜ್ ಮಾರಿ ಸಾಲ ತೀರಿಸೋಣ ಅಂದರೆ ಅದಕ್ಕೆ ತೂಕದ ರೇಟೂ ಹುಟ್ಟುವುದಿಲ್ಲ.

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ವಸೂಲಿಯ ಕಾಟ ತಡೆಯಿರಿ ಅಂತ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದ್ದು ನಿಮಗೆ ನೆನಪಿರಬಹುದು. ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ಸುದ್ದಿ ಓದುವಾಗ ನಮಗೆ ಕಂಡದ್ದು ಇಷ್ಟು. ಹಿಂದೆ ಅವಳ ಹೆಸರು ಕೊಡದ ಕಂಠದ ಮೇಲಿತ್ತು, ಅದು ಅವಳ ಸ್ವತ್ತು. ಈಗ ಅವಳ ಹೆಸರು ಸಾಲದ ಪುಸ್ತಕದಲ್ಲಿದೆ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನು ಶಿಲ್ಪಗಳಾಗಿ ನಿಲ್ಲಿಸಿದ್ದಾರೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆ ಅದು. ಅದೇ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಎರಡೂ ನಮ್ಮ ತಾಲ್ಲೂಕಿನವೇ. ಶಾಲೆಯ ಮಕ್ಕಳು ಟಿಕೆಟ್ ಕೊಟ್ಟು ಹೋಗಿ ಅಜ್ಜಿಯ ಕಾಲದ ಬದುಕು ನೋಡಿ ಬರುತ್ತಾರೆ. ಆದರೆ ಹೆಸರು ಹೊಡೆಸಿದ ಕೊಡ ಇರುವುದು ಮನೆಗಳಲ್ಲಿ, ಉಳಿದಿದ್ದರೆ. ದೇವರ ಜಗಲಿಯ ಮೇಲಿನ ತಂಬಿಗೆ, ಸುರಗಿ ಸುತ್ತಲು ಬೇಕು ಅಂತ ತೆಗೆದಿಟ್ಟ ಚರಗಿ, ಸವಣೂರು ಬಂಕಾಪುರದ ಮುಸ್ಲಿಂ ಮನೆಗಳ ಮೂಲೆಯಲ್ಲಿ ಕೂತ ತಾಮ್ರದ ದೇಗಚಿ, ಹೀಗೆ ಅಲ್ಲೊಂದು ಇಲ್ಲೊಂದು.

ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ಕಂಠದ ಸುತ್ತ, ಬುಡದಲ್ಲಿ ಒಮ್ಮೆ ನೋಡಿ. ಅಕ್ಷರ ಮಸುಕಾಗಿದ್ದರೆ ಹುಣಸೆಹಣ್ಣಿನಿಂದ ಮೆಲ್ಲಗೆ ತಿಕ್ಕಿ, ಪುಡಿ ಸುಣ್ಣ ಸವರಿದರೆ ಓದಲು ಬರುತ್ತದೆ. ಫೋಟೋ ತೆಗೆದು, ಅದು ಯಾರ ಪಾತ್ರೆ, ಯಾವ ಊರಿನಿಂದ ಯಾವ ಊರಿಗೆ ಬಂತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದು ನಮಗೆ ಕಳಿಸಿ. ಗುಜರಿಗೆ ಕೊಡುವುದಿದ್ದರೂ ಫೋಟೋ ತೆಗೆದೇ ಕೊಡಿ.